ಮಲತಾಯಿಯ ತಪ್ಪೊಪ್ಪಿಗೆ: ‘ತುಘಲಕ್’ ನಾಟಕದ ಹತ್ತನೆಯ ದೃಶ್ಯವನ್ನು ಓದುವ ಒಂದು ಬಗೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ.)

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಕಡೆಯಿಂದ ಸೇರಿದ್ದೀರಿ. ಕೆಲವರಿಗೆ ಕನ್ನಡ ಮನೆಮಾತು, ಓದಿದ್ದು ಮರಾಠಿಯಲ್ಲಿ. ಹಾಗಾಗಿ ನಡುನಡುವೆ ಮರಾಠಿ ಶಬ್ದ ಬಂದರೆ ಯಾರೂ ಬೇಸರ ಮಾಡಿಕೊಳ್ಳಲಾರರು ಅಂದುಕೊಂಡಿದ್ದೇನೆ.

ವಿಷಯ ಚಿಕ್ಕದು. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದಲ್ಲಿ ಸುಲ್ತಾನ ಮಹಮ್ಮದನ ಮಲತಾಯಿ ವಜೀರ ನಜೀಬನನ್ನು ಕೊಲ್ಲಿಸಿದವಳು ತಾನೇ ಎಂದು ಮಗನೆದುರು ಒಪ್ಪಿಕೊಳ್ಳುತ್ತಾಳೆ. ಯಾಕೆ ಒಪ್ಪಿಕೊಂಡಳು? ಕೊಲೆ ಯಾಕೆ ಮಾಡಿಸಿದಳು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ನಾಟಕದಲ್ಲೇ ಅವಳ ಬಾಯಿಂದ ಬರುತ್ತದೆ. ಒಪ್ಪಿಕೊಂಡದ್ದು ಯಾಕೆ ಎಂಬುದಕ್ಕೆ ಅವಳು ಉತ್ತರ ಕೊಡುವುದಿಲ್ಲ. ತರಗತಿಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ ಒಂದೇ: ನಿರಪರಾಧಿಗಳ ಸಾವು ನೋಡಲಾರದೆ ಒಪ್ಪಿಕೊಂಡಳು, ಅದು ತ್ಯಾಗ. ಪರೀಕ್ಷೆಯಲ್ಲಿ ಹೀಗೆ ಬರೆದವರಿಗೆ ಅಂಕವೂ ಸಿಗುತ್ತದೆ. ನನಗೆ ಈ ಉತ್ತರ ಅರ್ಧ ಸರಿ ಅನಿಸುತ್ತದೆ. ಉಳಿದರ್ಧದ ಬಗ್ಗೆ ಮಾತಾಡೋಣ.

ನಾಟಕ ಓದಿ ಬಹಳ ದಿನ ಆದವರಿಗಾಗಿ ನಾಲ್ಕು ಮಾತು. ‘ತುಘಲಕ್’ ಪ್ರಕಟವಾದದ್ದು 1964ರಲ್ಲಿ. ಹದಿಮೂರು ದೃಶ್ಯಗಳು. ಮೊದಲ ಅರ್ಧ ದಿಲ್ಲಿಯಲ್ಲಿ, ಆಮೇಲಿನದು ದೌಲತಾಬಾದಿನಲ್ಲಿ. ಅಂದರೆ ನಾನು ಹೇಳುತ್ತಿರುವ ದೃಶ್ಯ ನಡೆಯುವುದು ಮಹಾರಾಷ್ಟ್ರದ ನೆಲದಲ್ಲೇ, ಬರೆದದ್ದು ಮಾತ್ರ ಕನ್ನಡದಲ್ಲಿ. ಅದನ್ನು ಮರಾಠಿಗೆ ತಂದವರು ವಿಜಯ ತೆಂಡೂಲ್ಕರ್. ಅವರ ಬಾಲ್ಯದ ಕೆಲವು ವರ್ಷ ಕೊಲ್ಹಾಪುರದಲ್ಲೇ ಕಳೆದವು. ಹೀಗಾಗಿ ಈ ನಾಟಕವನ್ನು ಎರಡೂ ಭಾಷೆಯಲ್ಲಿ ಎದುರಿಗಿಟ್ಟುಕೊಂಡು ಓದುವ ಅನುಕೂಲ ನಮ್ಮ ಈ ಭಾಗದವರಿಗೆ ಇದ್ದಷ್ಟು ಬೇರೆಯವರಿಗೆ ಇಲ್ಲ. ಆ ಅನುಕೂಲವನ್ನು ನಾವು ಅಷ್ಟಾಗಿ ಬಳಸಿಕೊಂಡಿಲ್ಲ, ಅದು ಬೇರೆ ಮಾತು.

ಹತ್ತನೆಯ ದೃಶ್ಯಕ್ಕೆ ಬರೋಣ. ತಾಮ್ರದ ನಾಣ್ಯದ ಯೋಜನೆ ಮಣ್ಣುಗೂಡಿದೆ. ಸುಲ್ತಾನ ಕನಸು ಕಂಡಿದ್ದ ಗುಲಾಬಿ ತೋಟದಲ್ಲಿ ಈಗ ಖೋಟಾ ನಾಣ್ಯಗಳ ರಾಶಿ. ನಜೀಬ ಸತ್ತು ತಿಂಗಳುಗಳಾಗಿವೆ, ವಿಚಾರಣೆ ಮುಗಿಯುತ್ತಿಲ್ಲ. ಸಂಶಯಕ್ಕೆ ಸಿಕ್ಕ ಅಮೀರರು, ಅವರ ಮನೆಮಂದಿ ಸಾಯುತ್ತಿದ್ದಾರೆ. ಮಲತಾಯಿ ಮೊದಲು ಏನು ಮಾಡುತ್ತಾಳೆ ನೋಡ್ರಿ. ಒಪ್ಪಿಕೊಳ್ಳುವುದಿಲ್ಲ. ವಿಚಾರಣೆ ನಿಲ್ಲಿಸು ಎಂದು ಬೇಡುತ್ತಾಳೆ. ಸತ್ತವನು ಸತ್ತ, ಇನ್ನಷ್ಟು ಜನರನ್ನು ಕೊಂದು ಏನು ಸಿಕ್ಕೀತು ಎಂಬ ಧಾಟಿಯಲ್ಲಿ ಕೇಳುತ್ತಾಳೆ. ಅವನು ಒಪ್ಪುವುದಿಲ್ಲ. ಕೊಂದವರು ಯಾರು, ಯಾಕೆ ಕೊಂದರು ಎಂಬುದು ತನಗೆ ಗೊತ್ತಾಗಲೇಬೇಕು ಎನ್ನುತ್ತಾನೆ. ಅದಾದ ಮೇಲೆ ಅವಳ ಬಾಯಿಂದ ಆ ಮಾತು ಬರುತ್ತದೆ.

ಈ ಅನುಕ್ರಮ ಬಹಳ ಮುಖ್ಯ. ಜನರ ಜೀವ ಉಳಿಸುವುದೊಂದೇ ಉದ್ದೇಶವಾಗಿದ್ದರೆ ಮೊದಲನೇ ದಿನವೇ ಹೇಳಬಹುದಾಗಿತ್ತು. ತಿಂಗಳುಗಟ್ಟಲೆ ಸುಮ್ಮನಿದ್ದಳು. ಆ ತಿಂಗಳುಗಳಲ್ಲಿ ಸತ್ತವರ ಲೆಕ್ಕ ಅವಳ ಮೌನದ ಖಾತೆಗೂ ಸೇರಬೇಕಾಗುತ್ತದೆ. ಇವತ್ತಿನ ದಿನವೂ ಅವಳ ಮೊದಲ ಪ್ರಯತ್ನ ತನ್ನನ್ನು ಬಿಟ್ಟುಕೊಡದೆ ವಿಚಾರಣೆ ನಿಲ್ಲಿಸುವುದು. ಅದು ಆಗಲಿಲ್ಲವಾದ್ದರಿಂದ ಒಪ್ಪಿಗೆ. ಹಾಗಂತ ಕರುಣೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕರುಣೆ ಇದೆ, ಭಯವೂ ಅದರ ಪಕ್ಕದಲ್ಲೇ ಕೂತಿದೆ, ಇಷ್ಟು ದಿನ ಭಯದ ಕೈ ಮೇಲಾಗಿತ್ತು.

ಇನ್ನು ಒಪ್ಪಿಕೊಂಡ ರೀತಿ. ಅವನು ಮೊದಲು ನಂಬುವುದಿಲ್ಲ. ಯಾಕೆ ಎಂದು ಕೇಳಿದಾಗ ಅವಳು ತಲೆ ತಗ್ಗಿಸಿ ಕ್ಷಮೆ ಕೇಳುವುದಿಲ್ಲ. ಒಬ್ಬ ತಂದೆಯನ್ನೋ ಅಣ್ಣತಮ್ಮನನ್ನೋ ಕೊಲ್ಲುವುದಕ್ಕಿಂತ ಇದು ಸುಲಭವಾಗಿತ್ತು ಎಂಬರ್ಥದ ಉತ್ತರ ಕೊಡುತ್ತಾಳೆ. ಶೇಖ್ ಇಮಾಮುದ್ದೀನನ ಕೊಲೆಯನ್ನೂ ಎತ್ತಿ ಆಡುತ್ತಾಳೆ. ನಾಟಕದಲ್ಲಿ ಇವೆಲ್ಲ ಮಹಮ್ಮದನ ಮೇಲಿರುವ ಆರೋಪಗಳು. ತನ್ನ ತಪ್ಪನ್ನು ಹೇಳುವ ಉಸಿರಿನಲ್ಲೇ ಅವನ ತಪ್ಪುಗಳನ್ನೂ ಅವನೆದುರು ಇಡುತ್ತಾಳೆ. ಇದಕ್ಕೆ ತಪ್ಪೊಪ್ಪಿಗೆ ಅನ್ನಬೇಕೋ ಆರೋಪಪತ್ರ ಅನ್ನಬೇಕೋ?

ಇಲ್ಲಿ ನಾನು ಸ್ವಲ್ಪ ಬೇರೆ ಕಡೆ ಹೋಗುತ್ತೇನೆ. ನಮ್ಮ ಭಾಗದಲ್ಲಿ, ಅದರಲ್ಲೂ ಇಚಲಕರಂಜಿ, ಹಾತಕಣಂಗಲೆ, ಶಿರೋಳ ಕಡೆ, ಜೈನ ಮನೆತನಗಳು ಬಹಳ. ಕುಂಭೋಜದ ಬಾಹುಬಲಿಗೆ ಹೋಗದವರು ಕಡಿಮೆ. ದಶಲಕ್ಷಣ ಪರ್ವ, ಕ್ಷಮಾವಣಿ ಎಂಬುದು ಜೈನರಲ್ಲದವರಿಗೂ ಕೇಳಿ ಗೊತ್ತು. ಜೈನ ಶಾಸ್ತ್ರದಲ್ಲಿ ಗುರುವಿನೆದುರು ತಪ್ಪು ಹೇಳಿಕೊಳ್ಳುವುದಕ್ಕೆ ‘ಆಲೋಚನೆ’ ಎಂದು ಹೆಸರು. ನಾವು ವಿಚಾರ ಮಾಡುವುದಕ್ಕೆ ಬಳಸುವ ಶಬ್ದವೇ, ಅಲ್ಲಿ ಅರ್ಥ ಬೇರೆ. ಶಿವಾರ್ಯರ ಪ್ರಾಕೃತ ಗ್ರಂಥ ‘ಭಗವತೀ ಆರಾಧನೆ’ಯಲ್ಲಿ ಈ ಆಲೋಚನೆಗೆ ಹತ್ತು ದೋಷಗಳನ್ನು ಹೇಳಿದ್ದಾರೆ. ಕನ್ನಡದವರಿಗೆ ಈ ಗ್ರಂಥ ದೂರದ್ದೇನಲ್ಲ, ನಮ್ಮ ‘ವಡ್ಡಾರಾಧನೆ’ಯ 19 ಕಥೆಗಳು ಅದರ ಗಾಹೆಗಳನ್ನೇ ಹಿಡಿದು ಹೊರಟವು.

ಹತ್ತನ್ನೂ ಹೇಳಲು ಹೋಗುವುದಿಲ್ಲ. ಕೆಲವು ನೋಡಿ. ‘ಆಕಂಪಿತ’ ಅಂದರೆ ಗುರುವಿನ ಮನಸ್ಸು ಮೊದಲೇ ಕರಗಿಸಿ, ಸೇವೆ ಮಾಡಿಯೋ ವಸ್ತು ಕೊಟ್ಟೋ, ಆಮೇಲೆ ತಪ್ಪು ಹೇಳುವುದು. ಶಿಕ್ಷೆ ಹಗುರಾಗಲಿ ಎಂಬ ಆಸೆ ಅದರಲ್ಲಿದೆ. ‘ದೃಷ್ಟ’ ಅಂದರೆ ಬೇರೆಯವರ ಕಣ್ಣಿಗೆ ಬಿದ್ದ ತಪ್ಪನ್ನಷ್ಟೇ ಹೇಳಿ, ಕಾಣದ್ದನ್ನು ಮುಚ್ಚಿಡುವುದು. ‘ಬಾದರ’ ಅಂದರೆ ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು, ‘ಸೂಕ್ಷ್ಮ’ ಅಂದರೆ ಅದರ ಉಲ್ಟಾ. ‘ಶಬ್ದಾಕುಲಿತ’ ಅಂದರೆ ಎಲ್ಲರೂ ಗದ್ದಲ ಮಾಡುವಾಗ ನಡುವೆ ಹೇಳಿಬಿಡುವುದು, ಹೇಳಿದ ಹಾಗೂ ಆಯಿತು, ಕೇಳಿಸದ ಹಾಗೂ ಆಯಿತು. (ಇದನ್ನು ಹೇಳಿದಾಗ ಪರದೆಯ ಮೇಲೆ ಹಲವರು ನಕ್ಕರು.) ಕೊನೆಯದು ‘ತತ್ಸೇವಿ’. ತಾನು ಮಾಡಿದ ತಪ್ಪನ್ನೇ ಸ್ವತಃ ಮಾಡಿರುವ ಗುರುವನ್ನು ಹುಡುಕಿಕೊಂಡು ಹೋಗಿ ಅವನೆದುರು ಹೇಳುವುದು. ಅವನು ಹೇಗೆ ಕಠಿಣ ಶಿಕ್ಷೆ ಕೊಟ್ಟಾನು? ಅವನಿಗೂ ಅದೇ ಕಲೆ ಇದೆಯಲ್ಲ.

ನನಗೆ ಈ ಪಟ್ಟಿಯ ಮೇಲೆ ಗೌರವ ಬಂದದ್ದು ಅದರ ಅನುಮಾನದ ಸ್ವಭಾವದಿಂದ. ತಪ್ಪು ಒಪ್ಪಿಕೊಂಡವನನ್ನು ಕೂಡಲೇ ಒಳ್ಳೆಯವನು ಅಂತ ಆ ಆಚಾರ್ಯರು ಕರೆಯಲಿಲ್ಲ. ಒಪ್ಪಿಗೆಯ ಒಳಗೆ ಏನೇನು ಲೆಕ್ಕಾಚಾರ ಇರಬಹುದು ಎಂದು ಕೂತು ಎಣಿಸಿದರು. ನಮ್ಮ ಕಾಯಿದೆಗೂ ಇದೇ ಬಗೆಯ ಅನುಮಾನ ಇದೆ. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯಿದೆಯ 24ನೇ ಕಲಮಿನ ಪ್ರಕಾರ ಆಮಿಷ, ಬೆದರಿಕೆ, ಆಶ್ವಾಸನೆಯಿಂದ ಹುಟ್ಟಿದ ತಪ್ಪೊಪ್ಪಿಗೆ ನಿಲ್ಲುತ್ತಿರಲಿಲ್ಲ. ಅದರ 25ನೇ ಕಲಮಿನ ಪ್ರಕಾರ ಪೊಲೀಸರೆದುರು ಕೊಟ್ಟದ್ದನ್ನು ಆರೋಪಿಯ ವಿರುದ್ಧ ರುಜುವಾತು ಮಾಡಲು ಬರುತ್ತಿರಲಿಲ್ಲ. ಮರಾಠಿ ಪತ್ರಿಕೆಗಳಲ್ಲಿ ದಿನಾ ಓದುವ ‘ಕಬುಲೀ ಜಬಾಬ’ಕ್ಕೆ ಕೋರ್ಟಿನಲ್ಲಿ ಅಷ್ಟು ಬೆಲೆ ಇಲ್ಲದಿರುವುದು ಇದಕ್ಕೇ.

ಈಗ ಮಲತಾಯಿಯ ಹತ್ತಿರ ವಾಪಸ್ ಬರೋಣ. ತಂದೆಯನ್ನೂ ತಮ್ಮನನ್ನೂ ಕೊಂದವನೆಂದು ಅವಳು ಬಲ್ಲ ವ್ಯಕ್ತಿಯೆದುರು ಅವಳು ಕೊಲೆ ಒಪ್ಪಿಕೊಳ್ಳುತ್ತಿದ್ದಾಳೆ. ಇದು ಅಚ್ಚುಕಟ್ಟಾದ ತತ್ಸೇವಿ ದೋಷ. ನೀನು ಮಾಡಿದ್ದನ್ನೇ ನಾನೂ ಮಾಡಿದೆ, ನಿನ್ನಷ್ಟು ದೊಡ್ಡದೂ ಅಲ್ಲ, ನೀನು ನನ್ನನ್ನು ಅರ್ಥ ಮಾಡಿಕೊಳ್ಳಲೇಬೇಕು ಎಂಬ ನಿರೀಕ್ಷೆ ಅವಳ ಆ ಚುಚ್ಚುಮಾತಿನ ಕೆಳಗಿದೆ. ಅದು ಬರೀ ಚುಚ್ಚುಮಾತಾಗಿದ್ದರೆ ಸಿಟ್ಟು ಅಂತ ಬಿಡಬಹುದಿತ್ತು. ಆದರೆ ಅದರಲ್ಲಿ ಒಂದು ಸಾಮೀಪ್ಯದ ಆಸೆಯೂ ಇದೆ. ಅವನ ಸ್ವಂತ ತಾಯಿ ಅವನೊಡನೆ ಮಾತು ಬಿಟ್ಟಿದ್ದಾಳೆ. ಆ ಜಾಗದಲ್ಲಿ ಇವಳು ನಿಂತಿದ್ದಾಳೆ. ಎರಡನೆಯ ದೃಶ್ಯದಲ್ಲಿ ಅವನು ಸಲಿಗೆಯಿಂದ ಮಾತಾಡುವುದು ಇವಳ ಜೊತೆಗೇ. ಅವನನ್ನು ಬಿಟ್ಟು ಹೋಗಬೇಡ ಎಂದು ಬರನಿಯಿಂದ ಮಾತು ತೆಗೆದುಕೊಳ್ಳಲು ನೋಡುವವಳೂ ಇವಳೇ. ಆವಾಗಿನಿಂದಲೇ ಅವಳಿಗೆ ನಜೀಬನ ಮೇಲೆ ನಂಬಿಕೆ ಇಲ್ಲ. ಕೊಲೆ ಎಂಬ ಒಂದೇ ಅನುಭವದಲ್ಲಿ ಮಹಮ್ಮದ ಒಂಟಿ, ನಜೀಬನೊಬ್ಬನೇ ಅದರಲ್ಲಿ ಪಾಲುದಾರ. ಆ ಪಾಲನ್ನೂ ಅವಳು ಈಗ ತನ್ನದು ಮಾಡಿಕೊಳ್ಳುತ್ತಿದ್ದಾಳೆ.

ಮಹಮ್ಮದ ತಿರುಗಿ ಬೀಳುವಾಗ ಅವಳ ಮೇಲೆ ಹೊರಿಸುವುದು ಇದನ್ನೇ: ನಿನಗೆ ನನ್ನ ಮೇಲೆ ಅಧಿಕಾರ ಬೇಕಾಗಿತ್ತು. ಹೆಂಗಸರೆಲ್ಲ ಹೀಗೇ ಎಂಬ ಹೊಲಸು ಸಾಮಾನ್ಯೀಕರಣದ ಜೊತೆ ಆ ಮಾತು ಬರುವುದರಿಂದ ನಾವು ಅದನ್ನು ತಳ್ಳಿಹಾಕಿಬಿಡುತ್ತೇವೆ. ನಾನು ಅಷ್ಟು ಸುಲಭವಾಗಿ ತಳ್ಳಲಾರೆ. ಅವನ ಬಾಯಿ ಕೆಟ್ಟದ್ದು, ಕಣ್ಣು ಕೆಟ್ಟದ್ದಲ್ಲ. ಅವಳ ಪ್ರೀತಿಯಲ್ಲಿ ಹಕ್ಕು ಸಾಧಿಸುವ ಗುಣ ಇರುವುದು ನಿಜ. ಆದರೆ ಅವನು ಅದೊಂದನ್ನೇ ಕಂಡ, ಉಳಿದದ್ದನ್ನು ಕಾಣಲು ಒಪ್ಪಲಿಲ್ಲ. ತ್ಯಾಗ ಎಂದು ಬರೆಯುವ ನಮ್ಮ ವಿದ್ಯಾರ್ಥಿಗಳೂ ಬೇರೆ ತುದಿಯಿಂದ ಅದೇ ಕೆಲಸ ಮಾಡುತ್ತಾರೆ.

ಇನ್ನೊಂದು ಪೆಟ್ಟು ಇದೆ. ನಜೀಬನಿಂದಲೇ ರಾಜ್ಯ ಹೀಗೆ ಸಾವಿನ ಅಡಿಗೆಮನೆಯಾಯಿತು ಎಂಬುದು ಅವಳ ನಂಬಿಕೆ. ಮಹಮ್ಮದ ಹೇಳುವ ಪ್ರಕಾರ ನಜೀಬ ಇತ್ತೀಚಿನ ವರ್ಷಗಳಲ್ಲಿ ಕತ್ತಿ ತಡೆ ಎಂದು ಅವನಿಗೆ ಹೇಳುತ್ತಿದ್ದ. ಹಾಗಿದ್ದರೆ ಅವಳು ತಪ್ಪು ಮನುಷ್ಯನನ್ನು ಕೊಲ್ಲಿಸಿದಳು. ಒಪ್ಪಿಕೊಳ್ಳುವಾಗ ಅವಳ ಕೈಲಿದ್ದ ಒಂದೇ ಸಮರ್ಥನೆ ಆ ಕ್ಷಣದಲ್ಲಿ ಜಾರಿಹೋಗುತ್ತದೆ. ಒಪ್ಪಿಗೆ ಕೊಟ್ಟಾಗಿದೆ, ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ.

ಹೊರಗಿನ ಒಂದು ಹೋಲಿಕೆ. ಗ್ರೀಕ್ ಕಥೆಯ ಫೀಡ್ರಾ ಕೂಡ ಮಲತಾಯಿಯೇ. ಯೂರಿಪಿಡೀಸನ ನಾಟಕದಲ್ಲಿ ಅವಳು ಮಲಮಗ ಹಿಪ್ಪೊಲಿಟಸನ ಮೇಲೆ ಸುಳ್ಳು ಆರೋಪದ ಪತ್ರ ಬರೆದಿಟ್ಟು ಸಾಯುತ್ತಾಳೆ, ಒಪ್ಪಿಗೆಯೇ ಇಲ್ಲ. ಸೆನೆಕನ ಫೀಡ್ರಾ ನಿಜ ಹೇಳಿ ಕತ್ತಿಯಿಂದ ಇರಿದುಕೊಳ್ಳುತ್ತಾಳೆ. 1677ರ ರಸೀನನ ಫ್ರೆಂಚ್ ನಾಟಕದಲ್ಲಿ ವಿಷ ಕುಡಿದ ಮೇಲೆ ಗಂಡನೆದುರು ಬಂದು ಒಪ್ಪಿಕೊಳ್ಳುತ್ತಾಳೆ. ಕೇಳುವವನು ಶಿಕ್ಷೆ ಕೊಡುವ ಹಾಗೇ ಇಲ್ಲ, ಶಿಕ್ಷೆಯನ್ನು ಅವಳೇ ಮುಗಿಸಿಕೊಂಡು ಬಂದಿದ್ದಾಳೆ. ಕಾರ್ನಾಡರ ಮಲತಾಯಿ ಬದುಕಿರುವಾಗ, ಬದುಕುವ ಆಸೆ ಇಟ್ಟುಕೊಂಡು ಒಪ್ಪಿಕೊಳ್ಳುತ್ತಾಳೆ. ಶಿಕ್ಷೆ ಕೇಳಿದಾಗ ಅದು ಮಾತ್ರ ಬೇಡ ಎಂದು ಬೇಡಿಕೊಳ್ಳುತ್ತಾಳೆ. ಸಾಯಲು ಸಿದ್ಧಳಾಗಿ ಬಂದವಳ ಮಾತಲ್ಲ ಅದು.

ಆ ಶಿಕ್ಷೆ ಯಾವುದು ಎಂಬಲ್ಲಿ ನಾನು ನಿಮ್ಮನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕು. ಬಹಿರಂಗವಾಗಿ ಕಲ್ಲೆಸೆದು ಕೊಲ್ಲುವುದು. ಇಸ್ಲಾಮೀ ನ್ಯಾಯಪದ್ಧತಿಯಲ್ಲಿ ಕೊಲೆಗೆ ಇರುವುದು ಪ್ರತಿಶಿಕ್ಷೆ, ಇಲ್ಲವೇ ಸತ್ತವನ ಕಡೆಯವರು ಒಪ್ಪಿದರೆ ಪರಿಹಾರಧನ. ಕಲ್ಲೆಸೆತ ವ್ಯಭಿಚಾರಕ್ಕೆ ಹೇಳಿದ ಶಿಕ್ಷೆ. ಅಂದರೆ ಅವಳು ಒಪ್ಪಿಕೊಂಡದ್ದು ಒಂದು, ಶಿಕ್ಷೆ ಬಂದದ್ದು ಇನ್ನೊಂದಕ್ಕೆ. ಅವಳ ಪ್ರೀತಿಯ ಬಗ್ಗೆ ಊರು ಏನು ಪಿಸುಗುಟ್ಟಿತ್ತೋ ಅದನ್ನು ಸುಲ್ತಾನ ಶಿಕ್ಷೆಯ ರೂಪದಲ್ಲಿ ಡಂಗುರ ಸಾರಿಸಿದ ಹಾಗಾಯಿತು.

ಇದು ಕಾರ್ನಾಡರು ಗಾಳಿಯಲ್ಲಿ ಹುಟ್ಟಿಸಿದ್ದಲ್ಲ ಎಂದು ನನ್ನ ಅಂದಾಜು. ಇಬ್ನ್ ಬತೂತ ಮಹಮ್ಮದ ಬಿನ್ ತುಘಲಕನ ದಿಲ್ಲಿಯಲ್ಲಿ ಕೆಲವು ವರ್ಷ ಕಾಜಿಯಾಗಿದ್ದ. ತನ್ನ ಪ್ರವಾಸ ಕಥನದಲ್ಲಿ ಅವನು ಸುಲ್ತಾನನ ಮಲತಮ್ಮ ಮಸೂದ್ ಖಾನನ ಕಥೆ ಹೇಳುತ್ತಾನೆ. ಮಸೂದನ ತಾಯಿ ಅಲಾವುದ್ದೀನ್ ಖಿಲ್ಜಿಯ ಮಗಳು, ಅಂದರೆ ಮಹಮ್ಮದನಿಗೆ ಮಲತಾಯಿ. ದಂಗೆಯ ಸಂಶಯದಲ್ಲಿ ಹಿಡಿದಾಗ ಮಸೂದ್ ಚಿತ್ರಹಿಂಸೆಗೆ ಹೆದರಿ ಒಪ್ಪಿಕೊಂಡ, ಅವನ ತಲೆ ತೆಗೆಸಿದರು. ಅವನ ತಾಯಿ ಅದಕ್ಕಿಂತ ಎರಡು ವರ್ಷ ಮೊದಲು ವ್ಯಭಿಚಾರ ಒಪ್ಪಿಕೊಂಡು ಅದೇ ಜಾಗದಲ್ಲಿ ಕಲ್ಲೆಸೆತದಿಂದ ಸತ್ತಿದ್ದಳು. ಆರೋಪ ಅಲ್ಲಗಳೆದವರಿಗೆ ಹಿಂಸೆ ಖಚಿತವಾದ್ದರಿಂದ ಜನ ಸಾವೇ ಲೇಸೆಂದು ಒಪ್ಪಿಕೊಳ್ಳುತ್ತಿದ್ದರು ಎಂದೂ ಇಬ್ನ್ ಬತೂತ ಬರೆಯುತ್ತಾನೆ.

ಇತಿಹಾಸದ ಆ ಹೆಂಗಸಿನ ಒಪ್ಪಿಗೆ ನಿಜದ್ದೋ ಹೆದರಿಕೆಯದ್ದೋ, ಯಾರಿಗೂ ಹೇಳಲು ಬರುವುದಿಲ್ಲ. ನಾಟಕಕಾರ ಅವಳ ಅಪರಾಧ ಬದಲಿಸಿದ, ಮಗನ ವಿಷಯ ಬಿಟ್ಟ, ಸಾವನ್ನು ಮಾತ್ರ ಹಾಗೆಯೇ ಇಟ್ಟ. ಒಪ್ಪಿಗೆಯನ್ನು ಯಾರೂ ಹಿಂಸೆಯಿಂದ ಕಿತ್ತುಕೊಳ್ಳದ ಹಾಗೆ ಮಾಡಿದ. ಇದು ದೊಡ್ಡ ಬದಲಾವಣೆ. ಹಿಂಸೆಯಿಂದ ಬಂದಿದ್ದರೆ ಉದ್ದೇಶ ಹುಡುಕುವ ಕೆಲಸವೇ ಇರುತ್ತಿರಲಿಲ್ಲ.

ಇದೇ ನಾಟಕದಲ್ಲಿ ಇನ್ನೊಂದು ಒಪ್ಪಿಗೆ ಇದೆ, ಹದಿಮೂರನೆಯ ದೃಶ್ಯದಲ್ಲಿ. ಅಗಸ ಅಜೀಜ. ಬ್ರಾಹ್ಮಣನ ವೇಷದಿಂದ ಶುರು ಮಾಡಿ ಖಲೀಫರ ವಂಶದ ಘಿಯಾಸುದ್ದೀನನನ್ನು ಕೊಂದು ಅವನ ವೇಷದಲ್ಲಿ ಅರಮನೆಗೆ ಬಂದವನು. ಸಿಕ್ಕಿಬಿದ್ದ ಮೇಲೆ ಎಲ್ಲವನ್ನೂ ಒಂದೊಂದಾಗಿ ಹೇಳುತ್ತಾನೆ, ಸುಲ್ತಾನನ ನಿಜವಾದ ಶಿಷ್ಯ ತಾನೇ ಎಂಬ ಧಾಟಿಯಲ್ಲಿ. ಆಕಂಪಿತ, ದೃಷ್ಟ, ತತ್ಸೇವಿ ಮೂರೂ ದೋಷ ಅಲ್ಲಿ ಒಟ್ಟಿಗಿವೆ. ಸಿಕ್ಕಿದ್ದೇನು? ದಖನ್ನಿನಲ್ಲಿ ಅಧಿಕಾರಿಯ ಹುದ್ದೆ! ಮಹಮ್ಮದ ಅವನ ಮಾತಿನಲ್ಲಿ ತನ್ನನ್ನು ತಾನು ಕಂಡು ನಗುತ್ತಾನೆ. ಮಲತಾಯಿಯ ಮಾತಿನಲ್ಲೂ ಅವನು ತನ್ನನ್ನು ಕಂಡ, ಆದರೆ ಅಲ್ಲಿ ಕಂಡದ್ದು ಸಹಿಸಲಾರದ್ದು. ಅಜೀಜನಿಗೆ ಸುಲ್ತಾನನ ಪ್ರೀತಿ ಬೇಕಿರಲಿಲ್ಲ. ಇವಳಿಗೆ ಬೇಕಿತ್ತು. ಎರಡು ಒಪ್ಪಿಗೆಗಳ ತೂಕ ಬೇರೆಯಾದದ್ದು ಅಲ್ಲಿ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು, ಅವನ್ನೂ ಸೇರಿಸುತ್ತೇನೆ.

ಗಡಹಿಂಗ್ಲಜದಿಂದ ಒಬ್ಬ ಶಿಕ್ಷಕಿಯ ಪ್ರಶ್ನೆ: “ಸರ್, ಉದ್ದೇಶ ಇಷ್ಟು ಕಲಬೆರಕೆ ಅಂದ್ರ ಆಕೀ ಒಪ್ಪಿಗಿಗೆ ಬೆಲೆ ಏನ ಉಳೀತು? ವಿಚಾರಣೆ ಅಂತೂ ನಿಂತಿತಲ್ಲ, ಮುಂದ ಸಾಯೂ ಮಂದಿ ಉಳದ್ರಲ್ಲ?” ಒಳ್ಳೆಯ ಪ್ರಶ್ನೆ. ನಜೀಬನ ಹೆಸರಿನಲ್ಲಿ ಸಾಯಬೇಕಾಗಿದ್ದವರು ಉಳಿದರು ಎಂದೇ ಇಟ್ಟುಕೊಳ್ಳೋಣ. ಉಳಿದವನಿಗೆ ಅವಳ ಉದ್ದೇಶ ಶುದ್ಧವಾಗಿತ್ತೋ ಇಲ್ಲವೋ ಎಂಬ ಚಿಂತೆ ಇರುವುದಿಲ್ಲ, ಇರಲೂಬಾರದು. ನಾನು ಉದ್ದೇಶ ಬಿಡಿಸಿ ನೋಡಿದ್ದು ಅವಳನ್ನು ಕೆಳಗಿಳಿಸಲು ಅಲ್ಲರೀ. ತ್ಯಾಗಮೂರ್ತಿ ಅಂತ ಪೀಠದ ಮೇಲೆ ಕೂಡಿಸಿದರೆ ಅವಳ ಹೆದರಿಕೆ, ಅಸೂಯೆ, ಕೊನೆಗೆ ಬೇಡಿಕೊಂಡದ್ದು ಎಲ್ಲವೂ ನಮಗೆ ಮುಜುಗರ ಆಗುತ್ತವೆ, ಬಿಟ್ಟು ಓದುತ್ತೇವೆ. ಆವಾಗ ದೃಶ್ಯದ ಅರ್ಧ ಸಾಲುಗಳು ಕೆಲಸಕ್ಕೆ ಬಾರದವಾಗುತ್ತವೆ. ಅಷ್ಟು ಸಾಲು ವ್ಯರ್ಥವಾಗಿ ಬರೆಯುವ ನಾಟಕಕಾರ ಅಲ್ಲ ಇವರು.

ಇಚಲಕರಂಜಿಯಿಂದ ಹವ್ಯಾಸಿ ನಟರೊಬ್ಬರು ಕೇಳಿದ್ದು ಕೈಕೆಲಸದ ಪ್ರಶ್ನೆ. ರಾಜ್ಯ ನಾಟ್ಯ ಸ್ಪರ್ಧೆಯ ಕೊಲ್ಹಾಪುರ ಕೇಂದ್ರಕ್ಕೆ ಮರಾಠಿಯಲ್ಲಿ ಈ ನಾಟಕ ಮಾಡುವ ವಿಚಾರ ಇದೆಯಂತೆ. ಇಷ್ಟೆಲ್ಲ ಉದ್ದೇಶಗಳನ್ನು ನಟಿ ಒಂದೇ ಮಾತಿನಲ್ಲಿ ಹೇಗೆ ತೋರಿಸಬೇಕು? ತೋರಿಸಬಾರದು ಅಂದೆ. ನಟಿ ಒಂದೊಂದು ಸಾಲಿಗೆ ಒಂದೊಂದೇ ಉದ್ದೇಶ ಹಿಡಿಯಲಿ. ವಿಚಾರಣೆ ನಿಲ್ಲಿಸು ಎಂದು ಬೇಡುವಾಗ ಬರೀ ಭಯ. ಕೊಲ್ಲಿಸಿದೆ ಎನ್ನುವಾಗ ಬರೀ ದಣಿವು, ಅಲ್ಲಿ ದನಿ ಏರಿಸಬಾರದು, ಏರಿಸಿದರೆ ಅದು ಕಂಪನಿ ನಾಟಕದ ಡೈಲಾಗ್ ಆಗುತ್ತದೆ. ತಂದೆ ತಮ್ಮನ ಮಾತು ಎತ್ತುವಾಗ ಅವನ ಮುಖವನ್ನೇ ನೋಡಬೇಕು, ಉತ್ತರಕ್ಕಾಗಿ ಕಾಯುವವರ ಹಾಗೆ. ಅವನು ನಜೀಬನ ಬಗ್ಗೆ ನಿಜ ಹೇಳಿದಾಗ ಏನೂ ಮಾಡದೆ ನಿಲ್ಲಬೇಕು. ಕನ್ನಡದ ‘ಒಪ್ಪಿಕೊಂಡೆ’ಯಲ್ಲಿ ‘ಒಪ್ಪಿಸು’ ಎಂಬುದೂ ಹತ್ತಿರದಲ್ಲೇ ಇದೆ, ತನ್ನನ್ನು ಇನ್ನೊಬ್ಬರ ಕೈಗೆ ಕೊಡುವ ಅರ್ಥ. ಮರಾಠಿಯ ‘ಕಬೂಲ’ದಲ್ಲಿ ಪೊಲೀಸ್ ಠಾಣೆಯ ವಾಸನೆ ಜಾಸ್ತಿ. ಹಾಗಾಗಿ ಮರಾಠಿಯಲ್ಲಿ ಮಾಡುವವರು ಆ ಕೊಡುವ ಭಾವವನ್ನು ಶಬ್ದದಲ್ಲಿ ಹುಡುಕದೆ ಅವಳ ಕೈಗಳಲ್ಲಿ ತರಬೇಕಾದೀತು. ತಾಲೀಮಿಗೆ ಕರೆದರೆ ನಾನೂ ಬರುತ್ತೇನೆ ಅಂತ ಅವರಿಗೆ ಹೇಳಿದ್ದೇನೆ.